ಪ್ರಮಾಣವಚನದ ದಿನ ನೆನಪಾದ ಮೇಷ್ಟ್ರು

ಕಳೆದ ತಿಂಗಳು ನನಗೆ ಅಮೆರಿಕದ ಪೌರತ್ವ ಸಿಕ್ಕಿತು. ಸಭಾಂಗಣದ ಬಾಗಿಲಲ್ಲೇ ಗ್ರೀನ್ ಕಾರ್ಡ್ ವಾಪಸ್ ತೆಗೆದುಕೊಂಡರು. ಇಷ್ಟು ವರ್ಷ ಪರ್ಸಿನಲ್ಲಿಟ್ಟುಕೊಂಡು, ಇದೆಯೋ ಇಲ್ಲವೋ ಅಂತ ದಿನಕ್ಕೆರಡು ಸಲ ಮುಟ್ಟಿ ನೋಡುತ್ತಿದ್ದ ಕಾರ್ಡು. ಬಲಗೈ ಎತ್ತಿ ಪ್ರಮಾಣ ಮಾಡಿ ಹೊರಗೆ ಬರುವಾಗ ಕೈಯಲ್ಲಿ ಒಂದು ದಪ್ಪ ಕಾಗದ, ಅದರಲ್ಲಿ ನನ್ನ ಫೋಟೋ. ಆಗ ನೆನಪಾದವರು ಬಂಗಾಳದ ಕ್ರಾಂತಿಕಾರಿ ತಾರಕನಾಥ ದಾಸ್.

ನಾನಿಲ್ಲಿ ಕಾಲೇಜಿನಲ್ಲಿ ರಾಜಕೀಯ ಪಾಠ ಮಾಡುತ್ತೇನೆ, ಊರಿನ ಓದುಗರಿಗೆ ಅಂಕಣ ಬರೆಯುತ್ತೇನೆ. ದಾಸರೂ ಇವೆರಡೇ ಕೆಲಸ ಮಾಡಿದವರು, ನೂರು ವರ್ಷದ ಹಿಂದೆ. ಆದರೆ ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು.

1884ರಲ್ಲಿ ಬಂಗಾಳದಲ್ಲಿ ಹುಟ್ಟಿದರು. ಬ್ರಿಟಿಷ್ ಪೊಲೀಸರಿಂದ ತಪ್ಪಿಸಿಕೊಂಡು, ಜಪಾನಿನ ಮೂಲಕ 1906ರಲ್ಲಿ ಸಿಯಾಟಲ್‌ಗೆ ಬಂದರು. ಆಮೇಲೆ ವ್ಯಾಂಕೂವರ್‌ನಲ್ಲಿ ಅಮೆರಿಕದ ವಲಸೆ ಇಲಾಖೆಗೆ ದುಭಾಷಿಯಾದರು. ಅಲ್ಲಿದ್ದುಕೊಂಡೇ 1908ರಲ್ಲಿ ‘ಫ್ರೀ ಹಿಂದೂಸ್ಥಾನ್’ ಪತ್ರಿಕೆ ಶುರು ಮಾಡಿದರು. ಸರ್ಕಾರಿ ಕೆಲಸ ಬಿಡಬೇಕಾಗಿ ಬಂತು, ಪತ್ರಿಕೆ ಬಿಡಲಿಲ್ಲ. ಅದೇ ವರ್ಷ ಟಾಲ್‌ಸ್ಟಾಯ್‌ಗೆ ಪತ್ರ ಬರೆದರು. ಹಿಂಸೆಯ ದಾರಿ ಬೇಡ ಅಂತ ಅವರಿಂದ ಉದ್ದನೆಯ ಉತ್ತರ ಬಂತು. ಆ ಉತ್ತರ ಗಾಂಧೀಜಿಯ ಕೈ ಸೇರಿತು, ಅವರೇ ಅದನ್ನು ಗುಜರಾತಿಗೆ ಅನುವಾದಿಸಿದರು. ಒಬ್ಬ ಬಡ ವಲಸಿಗ ಹುಡುಗ ಹಾಕಿದ ಕಾಗದ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ! ದಾಸ್ ಮಾತ್ರ ಕ್ರಾಂತಿಕಾರಿಗಳ ಜೊತೆಗೇ ಉಳಿದರು. 1914ರಲ್ಲಿ ಅಮೆರಿಕದ ಪೌರರಾಗಿದ್ದರೂ, ಜರ್ಮನಿಯ ಜೊತೆ ಸೇರಿ ಬ್ರಿಟಿಷರ ವಿರುದ್ಧ ಒಳಸಂಚು ಮಾಡಿದರೆಂದು ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಕೋರ್ಟು 22 ತಿಂಗಳ ಶಿಕ್ಷೆ ಕೊಟ್ಟಿತು.

ಜೈಲಿನಿಂದ ಬಂದು ಮತ್ತೆ ಓದಿದರು. 1924ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ. ಅದೇ ವರ್ಷ ಮೇರಿ ಕೀಟಿಂಗ್ ಮೋರ್ಸ್ ಜೊತೆ ಮದುವೆ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿದ್ದಾಗಿತ್ತು. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿದ್ದವರು. 1923ರಲ್ಲಿ ಅವರ ಕೇಸಿನಲ್ಲಿ, ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಬಿಳಿಯರು ಯಾರು ಅನ್ನುವುದಕ್ಕೆ ಸಾಮಾನ್ಯ ಮನುಷ್ಯನ ತಿಳಿವಳಿಕೆಯೇ ಅಳತೆಗೋಲು! ಈ ತೀರ್ಪನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಓದಿಸುತ್ತೇನೆ. ಈ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ಮೊದಲೇ ಪೌರತ್ವ ಸಿಕ್ಕಿದ್ದವರ ಗತಿ?” ಅಂದಳು.

ಕೊಟ್ಟದ್ದನ್ನು ಕಿತ್ತುಕೊಳ್ಳಲು ಸರ್ಕಾರ ಹೊರಟಿತು. ದಾಸರ ಮೇಲೂ ಅದರ ಕಣ್ಣು ಬಿತ್ತು. ಅನರ್ಹನನ್ನು ಮದುವೆಯಾದ ಹೆಣ್ಣಿನ ಪೌರತ್ವವೂ ಹೋಗುವ ಕಾನೂನು ಆಗ ಇತ್ತು. ಹುಟ್ಟಿದ ದೇಶದಲ್ಲೇ ದೇಶವಿಲ್ಲದವಳಾದ ಕಥೆಯನ್ನು ಮೇರಿ 1926ರಲ್ಲಿ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದರು. ಕೊನೆಗೆ ವಕೀಲ ಸಖಾರಾಮ ಗಣೇಶ ಪಂಡಿತ್ ತಮ್ಮದೇ ಪೌರತ್ವದ ಕೇಸನ್ನು 1927ರಲ್ಲಿ ಗೆದ್ದ ಮೇಲೆ ಸರ್ಕಾರ ಹಿಂದೆ ಸರಿಯಿತು.

ಇಂಥ ತೂಗುಗತ್ತಿಯ ಕೆಳಗೂ ದಾಸ್ ಬರೆಯುತ್ತಲೇ ಇದ್ದರು. ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ಗೆ ಜಗತ್ತಿನ ರಾಜಕೀಯದ ಬಗ್ಗೆ ಲೇಖನಗಳು, ನ್ಯೂಯಾರ್ಕ್‌ನಲ್ಲಿ ಪಾಠ. ನಾನು ವೀಸಾದಲ್ಲಿದ್ದಾಗ ಎಷ್ಟೋ ರಾತ್ರಿ ಬರೆದ ವಾಕ್ಯವನ್ನು ಅಳಿಸಿದ್ದೇನೆ. ಯಾರೂ ಹೆದರಿಸಿರಲಿಲ್ಲ, ಸುಮ್ನೆ ನನಗೇ ಭಯ. ಆ ವಾಕ್ಯಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾಸ್ 1905ರಲ್ಲಿ ಬಿಟ್ಟ ಭಾರತಕ್ಕೆ ಕಾಲಿಟ್ಟದ್ದು 1952ರಲ್ಲಿ. ಹೊರಟಾಗ ಇಪ್ಪತ್ತೊಂದರ ಹುಡುಗ, ಬಂದಾಗ ಅರವತ್ತೈದು ದಾಟಿದ ಮುದುಕ. ಅಷ್ಟರಲ್ಲಿ ಅವರ ಬಂಗಾಳ ಎರಡು ಹೋಳಾಗಿತ್ತು. ನ್ಯೂಯಾರ್ಕಿಗೆ ಮರಳಿ, 1958ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಪ್ರಮಾಣವಚನದ ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಖುಷಿಪಟ್ಟರು. ಸ್ವಲ್ಪ ಹೊತ್ತು ಬಿಟ್ಟು, “ಅಂದ್ರೆ ಇನ್ನು ನಮ್ಮನೆಗೆ ಬರೋಕೂ ವೀಸಾ ಬೇಕೇನೋ?” ಅಂದರು.

ಓಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡು, ಮಾಡಿಸಿದರೆ ಬೇಡ ಅಮ್ಮ, ಅಂದೆ. ಆ ಕಾರ್ಡಿದ್ದರೂ ಭಾರತದಲ್ಲಿ ಪತ್ರಿಕೆಯ ಕೆಲಸಕ್ಕೆ ಬೇರೆ ಅನುಮತಿ ಬೇಕು ಅನ್ನುವುದನ್ನು ಅವರಿಗೆ ಹೇಳಲಿಲ್ಲ. ಅರ್ಜಿ ತುಂಬಿದ್ದೇನೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು. ಅದಿನ್ನೂ ಮೇಜಿನ ಮೇಲೇ ಇದೆ.