ಪಾದರಸ, ಮಿನಮಾಟಾ ಮತ್ತು ನಮ್ಮ ಪಡಸಾಲೆ

ಪಾದರಸದ ಹಾವಳಿ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದದ ಅನುಬಂಧಗಳಲ್ಲಿ ಒಂದು ಪಟ್ಟಿ ಇದೆ. ಸಣ್ಣ ಪ್ರಮಾಣದಲ್ಲಿ ಚಿನ್ನ ತೆಗೆಯುವ ಕಡೆ ಏನೇನು ನಿಲ್ಲಬೇಕು ಅಂತ. ಚಿನ್ನ ಹಿಡಿದ ಪಾದರಸದ ಉಂಡೆಯನ್ನು ತೆರೆದಿಟ್ಟು ಸುಡಬಾರದು. ಜನ ವಾಸಿಸುವಲ್ಲಂತೂ ಸುಡಲೇಬಾರದು. ಓದಿ ನಗು ಬಂತು. ಮುದಗಲ್ಲಿನ ನಮ್ಮ ಪಡಸಾಲೆಯಲ್ಲಿ ಅಪ್ಪ ಮಾಡುತ್ತಿದ್ದದ್ದು ಅದನ್ನೇ.

ನಾವು ಪತ್ತಾರರು, ಚಿನ್ನದ ಕೆಲಸದವರು. ಅರ ಹಾಕಿದ ಪುಡಿ, ಅಗ್ಗಿಷ್ಟಿಕೆಯ ಬೂದಿ, ಚಾಪೆ ಝಾಡಿಸಿದ ಧೂಳು, ಯಾವುದನ್ನೂ ಚೆಲ್ಲುವ ಹಾಗಿರಲಿಲ್ಲ. ಡಬ್ಬಿ ತುಂಬಿದ ಮೇಲೆ ಅಪ್ಪ ಅದನ್ನು ನೀರಲ್ಲಿ ತೊಳೆದು, ತಳದಲ್ಲಿ ಉಳಿದದ್ದಕ್ಕೆ ಪಾದರಸ ಹಾಕಿ ಬರಿಗೈಯಲ್ಲೇ ತಿಕ್ಕುತ್ತಿದ್ದ. ಕಣ್ಣಿಗೆ ಕಾಣದ ಚಿನ್ನವೆಲ್ಲ ಪಾದರಸಕ್ಕೆ ಹತ್ತಿಕೊಳ್ಳುತ್ತಿತ್ತು. ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಮೂಸೆಯಲ್ಲಿಟ್ಟು ಕೆಂಡ ಊದಿದರೆ ಪಾದರಸ ಹಾರಿಹೋಗಿ ಚಿನ್ನ ಉಳಿಯುತ್ತಿತ್ತು. ಹಾರಿ ಎಲ್ಲಿಗೆ ಹೋಗಬೇಕು? ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನೂ ಅಣ್ಣನೂ ಅಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆವು. ‘ಬಾಯಾಗ ಇಟ್ಕೊಂಡೀರಿ ಹುಷಾರ್’ ಅಂತ ಮಾತ್ರ ಅಪ್ಪ ಅವ್ವ ಗದರಿಸುತ್ತಿದ್ದರು. ನುಂಗಿದ ಪಾದರಸ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಉಸಿರಿನಲ್ಲಿ ಒಳಗೆಳೆದ ಆವಿಯಲ್ಲಿ ಶೇ. 80ರಷ್ಟು ಮೈಗೆ ಸೇರುತ್ತದೆ, ಮಿದುಳು, ಮೂತ್ರಪಿಂಡಗಳನ್ನು ಮುಟ್ಟುತ್ತದೆ. ಇದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ಜಪಾನಿನ ಮಿನಮಾಟಾದಲ್ಲಿ ಆದದ್ದು ಆವಿಯಿಂದಲ್ಲ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಮೀನಿನ ಮೂಲಕ ಜನರ ಹೊಟ್ಟೆಗೆ ಹೋಯಿತು. ರೋಗ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ; ಆ ಹೊಲಸು ಬಿಡುವುದು ನಿಂತದ್ದು 1968ರಲ್ಲಿ. ಅಷ್ಟೇನೂ ಲಕ್ಷಣ ಕಾಣದ ತಾಯಂದಿರಿಗೂ ರೋಗ ಹೊತ್ತ ಮಕ್ಕಳು ಹುಟ್ಟಿದರು. ಆ ಊರಿನ ಹೆಸರಿನ ಒಪ್ಪಂದವನ್ನು 2013ರಲ್ಲಿ ಅಂಗೀಕರಿಸಿದರು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. ಪಾದರಸದ ಥರ್ಮಾಮೀಟರು, ಬಿಪಿ ಯಂತ್ರಗಳ ತಯಾರಿ ನಿಲ್ಲಿಸಲು ಅದರಲ್ಲಿ ಗಡುವು ಹಾಕಿದ್ದಾರೆ. ನನ್ನನ್ನು ಕೇಳಿದರೆ ಅದು ಸುಲಭದ ಭಾಗ, ಬದಲಿ ಸಾಮಾನು ಆಗಲೇ ಅಂಗಡಿಯಲ್ಲಿತ್ತು.

ನಮ್ಮ ರಾಯಚೂರು ಜಿಲ್ಲೆಗೆ ಒಪ್ಪಂದ ಎಷ್ಟು ತಾಗುತ್ತದೆ ಅಂತ ನೋಡಿದೆ. ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ತೆಗೆಯಲು ಸಯನೈಡ್ ಬಳಸುತ್ತಾರೆ, ಗಣಿಯೂ ದೊಡ್ಡದು. ಆ ಪಟ್ಟಿಯೊಳಗೆ ಬರುವುದಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಒಪ್ಪಂದದ ಇನ್ನೊಂದು ಕಡೆ ಬರುತ್ತದೆ, ಯಾಕೆಂದರೆ ಕಲ್ಲಿದ್ದಲಿನಲ್ಲೂ ಚೂರು ಪಾದರಸ ಇರುತ್ತದೆ. ಹಳೇ ಸ್ಥಾವರಗಳ ಹೊಗೆಗೆ ಕ್ರಮ ಕೈಗೊಳ್ಳಲು ದೇಶಗಳಿಗೆ 10 ವರ್ಷ ಕೊಟ್ಟಿದ್ದಾರೆ. ಪತ್ತಾರನ ಮೂಸೆ ಮಾತ್ರ ಎಲ್ಲೂ ಇಲ್ಲ. ಪಟ್ಟಿ ಹೇಳುವುದು ಅದಿರು ಅರೆಯುವವರ ಬಗ್ಗೆ, ಅಂಗಡಿಯ ಕಸ ಅದಿರಲ್ಲವಲ್ಲ! ಉಂಡೆ ಅದೇ, ಆವಿ ಅದೇ.

ಪರಿಹಾರವೇನೂ ದೊಡ್ಡ ವಿದ್ಯೆ ಅಲ್ಲ. ಬಿಗಿಯಾಗಿ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿ, ಆವಿಯನ್ನು ಕೊಳವೆಯಲ್ಲಿ ತಣಿಸಿದರೆ ಪಾದರಸ ಮತ್ತೆ ಹನಿಯಾಗಿ ಕೈಗೆ ಸಿಗುತ್ತದೆ. ರಿಟಾರ್ಟ್ ಅನ್ನುತ್ತಾರೆ. ಗಣಿಗಾರರಿಗೆ ಇದನ್ನು ಕಲಿಸಲು ಎಷ್ಟೋ ದೇಶಗಳಲ್ಲಿ ಯೋಜನೆಗಳಿವೆ. ಸರಾಫ ಬಜಾರಿಗೆ ಯಾರೂ ಬಂದದ್ದು ನಾನು ಕಂಡಿಲ್ಲ.

ಅಣ್ಣ ಈಗ ಮನೆಯಲ್ಲಿ ಕಾಯಿಸುವುದಿಲ್ಲ, ಕಸವನ್ನು ಹಾಗೇ ತೂಕಕ್ಕೆ ಮಾರುತ್ತಾನೆ. ಕೊಂಡವರು ಅದನ್ನು ಎಲ್ಲಿ, ಹೆಂಗ ಕಾಯಿಸ್ತಾರ ಅಂತ ಕೇಳಿದೆ.

‘ಅದನ್ನೆಲ್ಲ ಕೇಳ್ಕೊಂತ ಕುಂತ್ರ ಮುಂದಿನ ಸಲ ರೇಟ್ ಕಮ್ಮಿ ಹಾಕ್ತಾರವಾ ತಂಗಿ’ ಅಂದ.