ನಿಂತ ಅಳತೆ, ಕೂತ ಅಳತೆ: ನನ್ನ ಸೈಕಲ್ ಶಾರ್ಟ್ಸಿನ ದಿನಚರಿ

ಜನವರಿ 12

ಸಲ್ವಾರಿನ ಬಲಗಾಲು ಇವತ್ತು ಚೈನಿಗೆ ಸಿಕ್ಕಿ ಹರಿಯಿತು. ಲಲಿತಮಹಲ್ ರಸ್ತೆ, ಬೆಳಗ್ಗೆ ಆರೂವರೆ. ಬೀಳಲಿಲ್ಲ ಅನ್ನೋದೇ ಪುಣ್ಯ. ವಾಕಿಂಗಿಗೆ ಬಂದಿದ್ದ ಇಬ್ಬರು ಹಿರಿಯರು ನಿಂತರು. ಒಬ್ಬರು ಪೆಡಲನ್ನು ಹಿಂದಕ್ಕೆ ತಿರುಗಿಸಿದರು, ಇನ್ನೊಬ್ಬರು "ಎಳೀಬೇಡಮ್ಮಾ, ಎಳೀಬೇಡ" ಅನ್ನುತ್ತ ತಾವೇ ಎಳೆದರು. ಗ್ರೀಸ್ ಮೆತ್ತಿದ ಕಾಲು ಎತ್ತಿಕೊಂಡು ಮನೆಯವರೆಗೆ ಸೈಕಲ್ ತಳ್ಳಿದೆ.

ಹೊಸಬರಿಗೆ ಹಿನ್ನೆಲೆ: 2017ರಲ್ಲಿ ನಮ್ಮ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಇಪ್ಪತ್ತು ವರ್ಷದ ಮೇಲೆ ಮತ್ತೆ ಪೆಡಲ್ ತುಳಿದೆ. ಸ್ವಂತದ ಸೈಕಲ್ ತಗೊಂಡು ಎರಡು ವರ್ಷ ಆಯಿತು. ಎತ್ತರ ಐದಡಿ ಮೂರಿಂಚು, ತೂಕ 96 ಕೆ.ಜಿ. ತೂಕ ಇಳಿಸೋದು ಹೇಗೆ ಅಂತ ಯಾರೂ ಹೇಳಬೇಕಾಗಿಲ್ಲ, ಆ ಪಾಠ ನನಗೆ ದಿನಾ ಬಿಟ್ಟಿಯಾಗಿ ಸಿಗುತ್ತದೆ. ಯುಗಾದಿಯೊಳಗೆ ಮನೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿ ಬರಬೇಕು ಅನ್ನೋದು ಆಸೆ. ಕಾಲಲ್ಲಿ ಶಕ್ತಿ ಇದೆ, ಉಸಿರೂ ಇದೆ. ಆದರೆ ಹದಿನೈದು ಕಿಲೋಮೀಟರ್ ದಾಟುತ್ತಿದ್ದ ಹಾಗೆ ಒಳತೊಡೆ ಉಜ್ಜಿ ಉಜ್ಜಿ ಬೆಂಕಿ ಹತ್ತಿದಂತೆ ಉರಿಯುತ್ತದೆ. ನನ್ನನ್ನು ನಿಲ್ಲಿಸುತ್ತಿರುವುದು ಬಟ್ಟೆ.

ಜನವರಿ 19

ಎಳ್ಳುಬೆಲ್ಲ ಹಂಚಿ ಮುಗಿಸಿದ ಮೇಲೆ ಎರಡು ಅಂಗಡಿ ಸುತ್ತಿದೆ. ಮೊದಲನೆಯದರಲ್ಲಿ ಹೆಂಗಸರ ಸೈಕಲ್ ಶಾರ್ಟ್ಸ್ ಎಕ್ಸೆಲ್‌ಗೇ ಮುಗಿಯಿತು. ಎರಡನೆಯದರಲ್ಲಿ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಾಪ ಮರ್ಯಾದೆಯಿಂದಲೇ, "ಜೆಂಟ್ಸ್ ಸೆಕ್ಷನ್ ನೋಡಿ ಮೇಡಂ" ಅಂದ. ನೋಡಿದೆ. ಗಂಡಸರ ತ್ರಿಬಲ್ ಎಕ್ಸೆಲ್ ಸೊಂಟಕ್ಕೆ ಸರಿಹೋಯಿತು, ತೊಡೆಯಲ್ಲಿ ರಕ್ತ ನಿಲ್ಲುವಷ್ಟು ಬಿಗಿ. ಟ್ರಯಲ್ ರೂಮಿನಲ್ಲೇ ಸೈಕಲ್ ಹಿಡಿದವಳಂತೆ ಬಗ್ಗಿದೆ. ಹಿಂದೆ ನಾಲ್ಕು ಬೆರಳು ಕೆಳಗಿಳಿಯಿತು, ಮುಂದೆ ಹೊಟ್ಟೆಯ ಹತ್ತಿರ ಬಟ್ಟೆ ಮಡಚಿ ಕುತ್ತಿತು. ತೆಗೆದು ನೇತುಹಾಕಿ ಬಂದೆ.

ಆನ್‌ಲೈನಿನಲ್ಲಿ ಒಂದು ತರಿಸಿದ್ದೆ, ವಾಪಸ್ ಕಳಿಸಿದ್ದೂ ಆಯಿತು. ಅದರ ಅಳತೆ ಪಟ್ಟಿಯಲ್ಲಿ ಸೊಂಟ ಇತ್ತು, ಹಿಪ್ ಇತ್ತು. ತೊಡೆಯ ಸುತ್ತಳತೆ ಎಲ್ಲೂ ಇರಲಿಲ್ಲ. ಸೈಕಲ್ ತುಳಿಯೋದು ತೊಡೆಯಿಂದ ತಾನೇ?

ಜನವರಿ 26

ಈ ವಾರ ಓದಿದ್ದು ಜಾಸ್ತಿ, ತುಳಿದದ್ದು ಕಮ್ಮಿ. ಶಾರ್ಟ್ಸಿನ ಒಳಗಿನ ಮೆತ್ತೆಗೆ ಸೈಕಲ್‌ನವರು ಶ್ಯಾಮಿ ಅನ್ನುತ್ತಾರೆ. ಶ್ಯಾಮ್ವಾ ಅನ್ನುವ ಬೆಟ್ಟದ ಮೇಕೆಯಂಥ ಪ್ರಾಣಿಯ ಮೆದು ಚರ್ಮವನ್ನು ಹಿಂದೆ ಇಲ್ಲಿಗೆ ಹೊಲಿಯುತ್ತಿದ್ದರಂತೆ. ಆಗ ಅದು ಮೆತ್ತನೆಯ ಆಸನ ಆಗಿರಲಿಲ್ಲ, ಹೊಲಿಗೆಯ ಗೆರೆ ಮೈಗೆ ತಾಗದಿರಲಿ ಅಂತ ಇಟ್ಟ ತೇಪೆ. ಈಗ ಅದೇ ಜಾಗದಲ್ಲಿ ಫೋಮ್. ದಪ್ಪ ಇದ್ದಷ್ಟೂ ಸುಖ ಅಂದುಕೊಂಡಿದ್ದೆ, ತಪ್ಪು. ಮೆದುವಾದ ದಪ್ಪ ಫೋಮ್ ನನ್ನಂಥ ಭಾರಕ್ಕೆ ಹತ್ತೇ ನಿಮಿಷದಲ್ಲಿ ಅಪ್ಪಚ್ಚಿ. ಬೆರಳಲ್ಲಿ ಒತ್ತಿದರೆ ಎದುರು ಒತ್ತುವ ಗಟ್ಟಿ ಫೋಮ್ ಬೇಕು, ತೆಳುವಾಗಿದ್ದರೂ ಪರವಾಗಿಲ್ಲ.

ಮತ್ತೊಂದು ಸಂಗತಿ, ಅತ್ತೆಯ ಎದುರು ಹೇಳಿ ಬೈಸಿಕೊಂಡದ್ದು: ಈ ಶಾರ್ಟ್ಸಿನ ಒಳಗೆ ಬೇರೆ ಒಳಉಡುಪು ಹಾಕಬಾರದು. ಹಾಕಿದರೆ ಅದರ ಅಂಚೇ ಉಜ್ಜುತ್ತದೆ, ಬೆವರು ಅಲ್ಲೇ ನಿಲ್ಲುತ್ತದೆ. ಅತ್ತೆ ಮನೆಯಲ್ಲಿದ್ದ ಹಳೇ ಜೆಂಟ್ಸ್ ಶಾರ್ಟ್ಸಿನ ಮೆತ್ತೆಯನ್ನು ತಿರುಗಿಸಿ ನೋಡಿ, "ಏನೇ ಇದು, ಕೂಸಿನ ಲಂಗೋಟಿ ಇದ್ದಂಗಿದೆ" ಅಂದರು. ಅಂದು, ಮಾರನೇ ದಿನ ಅದನ್ನು ತಾವೇ ನೆರಳಿನಲ್ಲಿ ಒಣಗಲು ಹಾಕಿದ್ದರು.

ಫೆಬ್ರವರಿ 2

ರಟ್ಟಿನ ಪರೀಕ್ಷೆ. ಮಿಕ್ಸಿ ಬಂದಿದ್ದ ಡಬ್ಬದ ಸುಕ್ಕುರಟ್ಟನ್ನು ಕತ್ತರಿಸಿ ಮೆಟ್ಟಿಲ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು, ಹಿಮ್ಮಡಿ ಎತ್ತಿ ಮುಂದಕ್ಕೆ ಬಾಗಿ, ಮೂವತ್ತು ಎಣಿಸಿದೆ. ಎದ್ದು ನೋಡಿದರೆ ಎರಡು ಕುಳಿ. ಕೂರುವಾಗ ನೆಲಕ್ಕೆ ತಾಗುವ ಮೂಳೆಗಳ ಗುರುತು ಅವು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸ್ಕೇಲ್ ಇಟ್ಟೆ: 13 ಸೆಂಟಿಮೀಟರ್. ನಂಬಿಕೆ ಬರದೆ ಮತ್ತೆ ಕೂತೆ. ಮತ್ತೆ 13.

ನನ್ನ ಅರ್ಧ ತೂಕದ ಅಕ್ಕನ ಮಗಳನ್ನು ಕೂರಿಸಿದೆ, ಅವಳದು ಹದಿಮೂರೂವರೆ! ಮೈ ಎಷ್ಟು ದಪ್ಪ ಆದರೂ ಮೂಳೆಗಳ ನಡುವಿನ ಅಂತರ ಹಿಗ್ಗೋದಿಲ್ಲವಲ್ಲ. ಅಂದರೆ ದೊಡ್ಡ ಸೈಜಿನ ಶಾರ್ಟ್ಸಿಗೆ ದೊಡ್ಡ ಮೆತ್ತೆ ಬೇಕು ಅನ್ನೋದು ಸುಳ್ಳು. ಬಟ್ಟೆ ನನ್ನ ಅಳತೆಗಿರಬೇಕು, ಮೆತ್ತೆ ನನ್ನ ಮೂಳೆಯ ಅಳತೆಗೆ. ಹೆಂಗಸರ ಮೆತ್ತೆ ಹಿಂದೆ ಅಗಲ, ಮುಂದೆ ಗಿಡ್ಡ. ಅದನ್ನೇ ಬಿಡಿಯಾಗಿ ಆರ್ಡರ್ ಮಾಡಿದೆ, ಎರಡು, ಒಂದಕ್ಕೆ 450 ರೂಪಾಯಿ.

ಫೆಬ್ರವರಿ 9

ಇವತ್ತಿನದನ್ನು ಉದ್ದಕ್ಕೆ ಬರೆಯುತ್ತೇನೆ.

ನನ್ನ ಬ್ಲೌಸುಗಳನ್ನು ಹೊಲಿಯುವ ಟೈಲರಕ್ಕನ ಅಂಗಡಿ ನಮ್ಮ ಬೀದಿಯ ಕೊನೆಯಲ್ಲಿ. ಎಂಟಡಿಗೆ ಹತ್ತಡಿ, ಎರಡು ಮೆಷಿನ್, ಒಂದು ಓವರ್‌ಲಾಕ್. ಅವರ ಮಗಳು ನಮ್ಮ ಶಾಲೆಯಲ್ಲೇ ಎಂಟನೇ ಕ್ಲಾಸು, ಹಾಗಾಗಿ ತಾಯಿಗೂ ನಾನು "ಮಿಸ್". ಮನೆಯ ಆ ಹಳೇ ಜೆಂಟ್ಸ್ ಶಾರ್ಟ್ಸ್ ತೋರಿಸಿ ಇಂಥದ್ದೇ ಬೇಕು ಅಂದೆ. ಒಳಗೆ ಹೊರಗೆ ತಿರುಗಿಸಿದರು, ಹೊಲಿಗೆ ಎಳೆದು ನೋಡಿದರು, ಟೇಪ್ ತೆಗೆದರು. ಸೊಂಟ 41 ಇಂಚು, ಹಿಪ್ 48, ತೊಡೆ 28.

"ಅಕ್ಕಾ, ನಿಂತಾಗ ಇಷ್ಟು. ಸೈಕಲ್ ಮೇಲೆ ನಾನು ನಿಂತಿರಲ್ಲ" ಅಂದೆ.

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಒಂದು ಕ್ಷಣ ಯೋಚಿಸಿದರು. "ಸೈಕಲ್ ತಂದಿದೀರಾ? ಒಳಗೆ ತಗೊಂಬನ್ನಿ."

ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ, ಸೈಕಲನ್ನು ಒಳಗೆ ತಂದು, ಬಾಗಿಲಿಗೆ ಸೀರೆ ಅಡ್ಡ ಬಿಟ್ಟು, ಮಗಳನ್ನು ಹ್ಯಾಂಡಲ್ ಹಿಡಿಯಲು ನಿಲ್ಲಿಸಿದರು. ನಾನು ಲೆಗ್ಗಿಂಗ್ಸಿನಲ್ಲಿ ಹತ್ತಿ ಕೂತು ಬಾಗಿದೆ. ಮಗು ಹ್ಯಾಂಡಲ್ ಬಿಟ್ಟರೆ ಇಡೀ ಪಿಕೋ, ಫಾಲ್ಸು, ಮಿಸ್ ಎಲ್ಲ ಒಟ್ಟಿಗೆ ನೆಲಕ್ಕೆ. ಟೈಲರಕ್ಕ ಬಾಯಲ್ಲಿ ಚಾಕ್ ಕಚ್ಚಿಕೊಂಡು ಸುತ್ತ ಬಂದರು. ಹಿಪ್ 51. ತೊಡೆ, ಪೆಡಲ್ ಮೇಲಿದ್ದಾಗ, 30. ನಡುವಿನ ಕವಲಿನಿಂದ ಹಿಂದೆ ಸೊಂಟದವರೆಗೆ ನಿಂತಾಗಿನದಕ್ಕಿಂತ ಎರಡೂವರೆ ಇಂಚು ಉದ್ದ, ಮುಂದೆ ಎರಡು ಇಂಚು ಗಿಡ್ಡ. ಟ್ರಯಲ್ ರೂಮಿನಲ್ಲಿ ಹಿಂದೆ ಇಳಿದದ್ದೂ ಮುಂದೆ ಕುತ್ತಿದ್ದೂ ಈ ಲೆಕ್ಕವೇ.

"ಅಂಗಡಿಗೆ ಮಾಡೋರು ಸಣ್ಣ ಸೈಜನ್ನೇ ಎಲ್ಲಾ ಕಡೆ ಒಂದೊಂದಿಂಚು ದೊಡ್ಡದು ಮಾಡ್ಕೊಂಡು ಹೋಗ್ತಾರೆ ಮಿಸ್" ಅಂದರು ಚಾಕ್ ತೆಗೆದು. "ಮೈ ಹಂಗೆ ಬೆಳೆಯಲ್ಲ. ಬ್ಲೌಸಿಗೂ ಅಷ್ಟೇ, ಎದೆ ನಲವತ್ನಾಲ್ಕು ಅಂದ್ರೆ ಭುಜಾನೂ ಅಗಲ ಅಂದ್ಕೊಂಬಿಡ್ತಾರೆ."

ನಾನು ಒಂದು ತಿಂಗಳು ಓದಿ ತಿಳಿದುಕೊಂಡದ್ದನ್ನು ಅವರು ಮೂವತ್ತು ವರ್ಷದಿಂದ ಕತ್ತರಿಸುತ್ತಿದ್ದಾರೆ.

ಫೆಬ್ರವರಿ 16

ಬೆಂಗಳೂರಿಗೆ ಮದುವೆಗೆ ಹೋದವಳು ಊಟ ಮುಗಿಸಿ ಚಿಕ್ಕಪೇಟೆಗೆ ಓಡಿದೆ. ನೈಲಾನ್ ಲೈಕ್ರಾ, ಈಜುಡುಗೆಗೆ ಬಳಸುವಂಥದ್ದು, ಮೀಟರಿಗೆ 380. ಲೈಕ್ರಾ ಅನ್ನುವುದು ಬ್ರ್ಯಾಂಡಿನ ಹೆಸರು, ಹಿಗ್ಗುವ ಆ ನೂಲು ಸ್ಪ್ಯಾಂಡೆಕ್ಸ್. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು. ಅದಕ್ಕೆ ಮುಂಚೆ ಉಣ್ಣೆಯ ಚಡ್ಡಿಯಲ್ಲಿ ರೇಸ್ ಮಾಡುತ್ತಿದ್ದರು, ಮಳೆ ಬಂದರೆ ಜೋತು ಬೀಳುತ್ತಿತ್ತು ಪಾಪ.

ಅಂಗಡಿಯಲ್ಲೇ ಪರೀಕ್ಷೆ ಮಾಡಿದೆ. ಸ್ಕೇಲಿನ ಮೇಲೆ ಹತ್ತು ಸೆಂಟಿಮೀಟರ್ ಹಿಡಿದು ಎಳೆದರೆ ಹದಿನಾರಕ್ಕೆ ಬರಬೇಕು, ಉದ್ದಕ್ಕೂ ಅಡ್ಡಕ್ಕೂ, ಬಿಟ್ಟರೆ ಹತ್ತಕ್ಕೇ ಮರಳಬೇಕು. ಎಳೆದು ಹಿಡಿದಾಗ ಹಿಂದಿನ ಬೆರಳು ಕಾಣಬಾರದು. ಮೂರು ಥಾನು ಈ ಕೊನೆಯ ಪರೀಕ್ಷೆಯಲ್ಲಿ ಫೇಲ್. ಬಗ್ಗಿದಾಗ ಹಿಂದೆ ಬರುವವರಿಗೆ ಏನು ಕಾಣುತ್ತದೆ ಅನ್ನುವುದು ದೊಡ್ಡ ಸೈಜಿನವರ ನಿಜವಾದ ಭಯ, ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಫೆಬ್ರವರಿ 23

ಮೊದಲನೆಯದು ತಯಾರು, ಮೊದಲನೆಯದು ಢಮಾರ್. ಲೈಕ್ರಾವನ್ನು ಮೈ ಅಳತೆಗಿಂತ ಸುಮಾರು ಹತ್ತನೇ ಒಂದು ಭಾಗ ಚಿಕ್ಕದಾಗಿ ಕತ್ತರಿಸಬೇಕು, ಆಗಲೇ ಚರ್ಮಕ್ಕೆ ಅಂಟಿ ಕೂರೋದು. ಸಡಿಲ ಇದ್ದರೆ ಅದೇ ಉಜ್ಜುತ್ತದೆ. ಟೈಲರಕ್ಕನಿಗೆ ಇದು ಒಗ್ಗಲಿಲ್ಲ. "ಅಳತೆಗಿಂತ ಕಮ್ಮಿ ಹೊಲ್ದು ಕೊಟ್ರೆ ಗಿರಾಕಿ ನನ್ನ ಹೊಡೀತಾರೆ" ಅಂತ ಕದ್ದು ಒಂದೊಂದಿಂಚು ಬಿಟ್ಟಿದ್ದರು. ರಿಂಗ್ ರಸ್ತೆಯಲ್ಲಿ ಹನ್ನೊಂದನೇ ಕಿಲೋಮೀಟರಿಗೆ ಹಿಂದಿನಿಂದ ಟರ್ ಅಂದಿತು. ಮಾಮೂಲಿ ನೇರ ಹೊಲಿಗೆ. ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗೋದಿಲ್ಲ. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಬಂದೆ.

ಅಂದಹಾಗೆ, ಬಟ್ಟೆಯ ವಿಷಯಕ್ಕೆ ಸೈಕಲ್ ಹೆಂಗಸರು ಪಟ್ಟ ಪಾಡು ಹಳೆಯದು. 1898ರಲ್ಲಿ ಇಂಗ್ಲೆಂಡಿನ ಲೇಡಿ ಹಾರ್ಬರ್ಟನ್ ಸೈಕಲ್ ತುಳಿದುಕೊಂಡು ಒಂದು ಹೋಟೆಲಿಗೆ ಹೋದಾಗ, ಲಂಗ ಬಿಟ್ಟು ದೊಗಲೆ ಚಲ್ಲಣ ತೊಟ್ಟಿದ್ದಾಳೆ ಅಂತ ಕಾಫಿ ರೂಮಿನೊಳಗೆ ಬಿಡಲಿಲ್ಲ. ಕೋರ್ಟಿಗೂ ಹೋಯಿತು, ಸೋತರು. ದುಪಟ್ಟಾ ಕಟ್ಟಿಕೊಂಡು ನಡೆಯುವಾಗ ಆಕೆಯೇ ನೆನಪಾದರು.

ಮಾರ್ಚ್ 2

ಎರಡನೆಯದಕ್ಕೆ ಬದಲಾವಣೆ: ನಿಟೆಡ್ ಬಟ್ಟೆಗೆ ಹಾಕುವ ಗುಂಡು ಮೊನೆಯ ಸೂಜಿ, ಜೋಡಿಸಲು ಓವರ್‌ಲಾಕ್, ಮೆತ್ತೆ ಕೂರಿಸಲು ಝಿಗ್‌ಝಾಗ್. ನಡುವಿನ ಹೊಲಿಗೆಯ ಮೇಲೆ ಎಲ್ಲ ಭಾರ ಬೀಳದಿರಲಿ ಅಂತ ಹಳೇ ಪೈಜಾಮಕ್ಕೆ ಇಡುವಂತೆ ಕವಲಿಗೆ ಒಂದು ಚೌಕ ತುಂಡು. ಅದು ಟೈಲರಕ್ಕನ ತಲೆಯಿಂದಲೇ ಬಂದದ್ದು.

ಸೊಂಟಕ್ಕೆ ಎಲಾಸ್ಟಿಕ್ ಬೇಡ ಅಂದೆ. ಕೂತಾಗ ಹೊಟ್ಟೆಯನ್ನು ಎರಡು ಭಾಗ ಮಾಡುತ್ತದೆ. ಅದೇ ಬಟ್ಟೆಯ ನಾಲ್ಕಿಂಚಿನ ಜೋಡಿ ಪಟ್ಟಿ, ಹಿಂದೆ ಎತ್ತರ, ಮುಂದೆ ತಗ್ಗು. ಹೆಗಲಪಟ್ಟಿ ಇರುವ ಬಿಬ್ ಹೊಲಿಸಿ ಅಂತ ಗೆಳತಿ ಹೇಳಿದಳು. ದಾರಿಯಲ್ಲಿ ಶೌಚಾಲಯ ಸಿಕ್ಕರೆ ಅದೇ ದೊಡ್ಡದು, ಅಲ್ಲಿ ಮೇಲಿನ ಜೆರ್ಸಿಯನ್ನೂ ಬಿಚ್ಚುತ್ತ ನಿಲ್ಲಲು ನನ್ನಿಂದಾಗದು.

ಕಾಲಿನ ಅಂಚಿನಲ್ಲಿ ಮಾತ್ರ ಮತ್ತೆ ಎಡವಿದೆವು. ಅರ್ಧ ಇಂಚಿನ ಎಲಾಸ್ಟಿಕ್ ಹಾಕಿದ್ದಕ್ಕೆ 22 ಕಿಲೋಮೀಟರ್ ಆಗುವ ಹೊತ್ತಿಗೆ ತೊಡೆಯ ಮೇಲೆ ಕೆಂಪು ಬಳೆ. ಅದರ ಮೇಲೆ ಮಾಂಸ ಉಬ್ಬಿ, ಶಾರ್ಟ್ಸ್ ಸುರುಳಿ ಸುತ್ತಿ ಮೇಲೇರಿತು. ಆದರೆ ಒಳತೊಡೆ ಉರಿಯಲಿಲ್ಲ!

ಮಾರ್ಚ್ 9

ಎಲಾಸ್ಟಿಕ್ ಕಿತ್ತು, ಕಾಲನ್ನು ಮಂಡಿಯ ಮೇಲೆ ಮೂರು ಬೆರಳಿನವರೆಗೆ ಇಳಿಸಿ, ಎರಡೂವರೆ ಇಂಚಿನ ಜೋಡಿ ಪಟ್ಟಿ. ತೊಡೆಯ ದಪ್ಪ ಭಾಗದಲ್ಲಿ ನಿಲ್ಲುವ ಅಂಚು ಮೇಲಕ್ಕೇ ಏರುತ್ತದೆ. ಮಂಡಿಯ ಹತ್ತಿರ ಕಾಲು ಸಣ್ಣಗಾಗುವ ಕಡೆ ನಿಲ್ಲಿಸಿದರೆ ಅಲ್ಲೇ ಇರುತ್ತದೆ. 26 ಕಿಲೋಮೀಟರ್, ಒಂದು ಸಲವೂ ಎಳೆದುಕೊಳ್ಳಲಿಲ್ಲ.

ತೊಡೆಗೆ ಏನು ಹಚ್ಚೋದು ಅಂತ ಕೇಳಿದವರಿಗೆ: ಕೊಬ್ಬರಿ ಎಣ್ಣೆ ಅರ್ಧ ಗಂಟೆಯಲ್ಲಿ ಬೆವರಿನ ಜೊತೆ ಹೋಯಿತು, ವ್ಯಾಸಲೀನ್ ಉಳಿಯುತ್ತದೆ ಆದರೆ ಮೆತ್ತೆಯಿಂದ ತೊಳೆದರೂ ಹೋಗೋಲ್ಲ. ಈಗ ಸೈಕಲ್‌ನವರ ಕ್ರೀಮೇ ಹಚ್ಚುತ್ತಿದ್ದೇನೆ, ಕಡಲೆ ಕಾಳಿನಷ್ಟು. ಒಗೆಯುವಾಗ ತಣ್ಣೀರು, ಒಳಗು ಹೊರಗು ಮಾಡಿ. ಬಟ್ಟೆ ಮೆತ್ತಗಾಗಲು ಹಾಕುವ ನೀಲಿ ದ್ರವ ಬೇಡವೇ ಬೇಡ, ಆಮೇಲೆ ಬೆವರು ಹೀರೋದಿಲ್ಲ.

ಮಾರ್ಚ್ 23

ಹೋಗಿ ಬಂದೆ. ಐದೂವರೆಗೆ ಬಿಟ್ಟು, ಸರ್ವಿಸ್ ರಸ್ತೆ ಹಿಡಿದು, ಕಾವೇರಿ ದಾಟುವಾಗ ಇನ್ನೂ ಮಂಜು. ಶಾರ್ಟ್ಸಿನ ಮೇಲೆ ಮಂಡಿಯುದ್ದದ ಸುತ್ತು ಲಂಗ ತೊಟ್ಟಿದ್ದೆ, ಊರು ದಾಟಿದ ಮೇಲೆ ಬಿಚ್ಚಿ ಬ್ಯಾಗಿಗೆ ತುರುಕಿದೆ, ಯಾರೂ ತಿರುಗಿ ನೋಡಲಿಲ್ಲ. ರಂಗನಾಥನಿಗೆ ಹೊರಗಿನಿಂದಲೇ ಕೈಮುಗಿದು, ಎರಡು ಇಡ್ಲಿ ಒಂದು ವಡೆ. ಒಟ್ಟು 37 ಕಿಲೋಮೀಟರ್. ಅಂಗೈ ಜೋಮು ಹಿಡಿದಿತ್ತು, ಕತ್ತು ನೋಯುತ್ತಿತ್ತು, ತೊಡೆ ಚೆನ್ನಾಗಿತ್ತು.

ಬಟ್ಟೆ ಒಂದೂಕಾಲು ಮೀಟರಿಗೆ 475, ಮೆತ್ತೆ 450, ಹೊಲಿಗೆಗೆ ಟೈಲರಕ್ಕ 300 ಕೇಳಿದರು, 500 ಕೊಟ್ಟೆ. ಹಾಳಾದ ಮೊದಲನೆಯದರ ಲೆಕ್ಕ ಇದರಲ್ಲಿಲ್ಲ, ಅದರ ಮೆತ್ತೆ ಬಿಚ್ಚಿಟ್ಟಿದ್ದೇನೆ. ನನ್ನ ಕಾಗದದ ಪ್ಯಾಟರ್ನ್ ಈಗ ಅವರ ಅಂಗಡಿಯ ಮೊಳೆಯಲ್ಲಿ ಬ್ಲೌಸಿನ ಪ್ಯಾಟರ್ನುಗಳ ಜೊತೆ ನೇತಾಡುತ್ತಿದೆ, ಮೇಲೆ ಸ್ಕೆಚ್ ಪೆನ್ನಿನಲ್ಲಿ "ಮಿಸ್ – ಕೂತಿದ್ದು" ಅಂತ ಬರೆದಿದ್ದಾರೆ.

ಬಾಕಿ ಇರುವುದು ಜೆರ್ಸಿ. ಕಬಡ್ಡಿ ಟೀಮುಗಳಿಗೆ ಪ್ರಿಂಟ್ ಮಾಡಿಕೊಡುವ ಅಂಗಡಿಯವರು ಒಂದೇ ಒಂದು ಮಾಡಲ್ಲ, ಹತ್ತಾದರೂ ಬೇಕು ಅಂದರು. ಬಟ್ಟೆ ಮಾತ್ರ ಕೊಡಲು ಒಪ್ಪಿದ್ದಾರೆ. ತೋಳಿನ ಸುತ್ತ 17 ಇಂಚು, ಹಿಂದೆ ಉದ್ದ, ಜೇಬು ಮೂರು. ಭಾನುವಾರ ಸೈಕಲ್ ಮತ್ತೆ ಅಂಗಡಿಯೊಳಗೆ ಹೋಗಬೇಕು, ಈ ಸಲ ಹ್ಯಾಂಡಲ್ ಹಿಡಿಯಲು ಮಗು ಇಲ್ಲ, ಅವಳಿಗೆ ಪರೀಕ್ಷೆ.