ಮಂಡಕ್ಕಿ ಗಾಡಿ ಕಲಿಸಿದ ಬ್ರೇಕ್ ಪಾಠ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಂದು ಸಂದಿ ಒಳಗೆ ನನ್ನ ಗ್ಯಾರೇಜ್ ಇದೆ. ಶೆಡ್ ಒಳಗೆ ಎರಡು ಗಾಡಿ ಹಿಡಿಯುತ್ತವೆ, ಉಳಿದವು ಬೇವಿನ ಮರದ ಕೆಳಗೆ. ಪಾನಾ ಹಿಡಿದು 20 ವರ್ಷ ಆಯ್ತು. ಬ್ರೇಕ್ ಕೆಲಸ ಅಂದರೆ ನನಗೆ ನೀರು ಕುಡಿದಷ್ಟು ಸುಲಭ ಅನ್ನೋ ಕೊಬ್ಬು ಇತ್ತು. ಅದನ್ನು ಇಳಿಸಿದ್ದು ಒಂದು ಮಂಡಕ್ಕಿ ಗಾಡಿ.

ನಮ್ಮೂರಿನ ಮಂಡಕ್ಕಿ ಭಟ್ಟಿಯಿಂದ ಚೀಲ ಹೇರಿಕೊಂಡು ಚಿತ್ರದುರ್ಗದ ಕಡೆ ಓಡಾಡುವ ಪಿಕಪ್ ಅದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರೈವರ್ ಬಂದವನೇ ಹೇಳಿದ, "ಅಣ್ಣ, ಸಿಗ್ನಲ್‌ನಾಗೆ ಬ್ರೇಕ್ ಒತ್ತಿ ನಿಂತ್ರೆ ಪೆಡಲ್ ಮೆಲ್ಲಗೆ ಕೆಳಗೆ ಹೋಗ್ತೈತಿ."

ಗಾಲಿ ಬಿಚ್ಚುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು ನೋಡಬೇಕಾದ ದೂರು ಇದು. ಇಂಜಿನ್ ಚಾಲೂ ಇಟ್ಟು ಪೆಡಲ್ ಹದವಾಗಿ ಒತ್ತಿ ಹಿಡಿದೆ. ಒಂದು ನಿಮಿಷದೊಳಗೆ ಕಾಲು ಎರಡು ಬೆರಳು ಇಳಿಯಿತು. ಕೆಳಗೆ ಹೋಗಿ ನೋಡಿದರೆ ಪೈಪ್, ಹೋಸ್, ಗಾಲಿಯ ಒಳಭಾಗ ಎಲ್ಲ ಒಣಗಿದೆ. ಟ್ಯಾಂಕಿನಲ್ಲಿ ಬ್ರೇಕ್ ಆಯಿಲ್ ಕಡಿಮೆ ಆಗಿಲ್ಲ. ಆಯಿಲ್ ಹೊರಗೆ ಹೋಗಿಲ್ಲ, ಪೆಡಲ್ ಮಾತ್ರ ಇಳಿಯುತ್ತಿದೆ ಅಂದರೆ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಗಾಲಿಗಳ ಕಡೆ ತಳ್ಳುವ ಪಂಪು, ಅದರೊಳಗಿನ ರಬ್ಬರ್ ಕಪ್ ಸವೆದಿದೆ. ಒತ್ತಿದ ಆಯಿಲ್ ಕಪ್ಪಿನ ಅಂಚು ದಾಟಿ ಹಿಂದಕ್ಕೇ ಬರುತ್ತಿದೆ. ಹೊಸ ಮಾಸ್ಟರ್ ಹಾಕಿದೆ, ಪೈಪಿನಲ್ಲಿ ಸೇರಿಕೊಂಡ ಏರ್ ತೆಗೆದೆ. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೇ.

ಡ್ರೈವರ್ ಒಂದು ಸುತ್ತು ಹಾಕಿ ಬಂದು ಖುಷಿಯಾಗಿ ಹೇಳಿದ, "ಸೂಪರ್ ಅಣ್ಣ, ಪೆಡಲ್ ಮೇಲೇ ಸಿಗ್ತೈತಿ, ಬೆರಳಷ್ಟೂ ಆಡಂಗಿಲ್ಲ." ನಾನೂ ಬೀಗಿದೆ. ಆ ಮಾತಿನಲ್ಲೇ ರೋಗ ಇತ್ತು. ನನ್ನ ಕಿವಿಗೆ ಹೊಗಳಿಕೆ ಮಾತ್ರ ಬಿತ್ತು.

ಮಾರನೇ ದಿನ ಆನಗೋಡು ದಾಟಿದ ಮೇಲೆ ಫೋನ್ ಬಂತು. ಗಾಡಿ ಎಳೆಯುತ್ತಿಲ್ಲ, ಮುಂದಿನ ಎರಡೂ ಗಾಲಿ ಕೆಂಡ, ಸುಟ್ಟ ವಾಸನೆ. ಓವರ್‌ಲೋಡ್ ಹಾಕಿದ್ಯೇನೋ ಅಂತ ಬೈಯಲು ಬಾಯಿ ತೆರೆದೆ, ಲೋಡ್ ನೆನಪಾಗಿ ಸುಮ್ಮನಾದೆ. ಮಂಡಕ್ಕಿ ಚೀಲ ಕ್ಯಾಬಿನ್‌ಗಿಂತ ಎತ್ತರ ಹೇರಿದರೂ ತೂಕ ಎಷ್ಟು ಬಂದೀತು? ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್: "ಈಗ ಫ್ರೀ ಆತಣ್ಣ, ಬರ್ತಾ ಇದೀನಿ."

ಗ್ಯಾರೇಜಿಗೆ ಬಂದಾಗ ಜಾಕ್ ಕೊಟ್ಟು ತಿರುಗಿಸಿದರೆ ಗಾಲಿ ಬುಗುರಿಯ ಹಾಗೆ ತಿರುಗಿತು. ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಜಾರುವ ಪಿನ್ ಹಿಡಿದಿರಬೇಕು ಅಂದುಕೊಂಡೆ. ಬಿಚ್ಚಿ, ಉಜ್ಜಿ, ಗ್ರೀಸ್ ಹಾಕಿದೆ. ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಯಾಕೋ ಗಟ್ಟಿ ಅನಿಸಿತು. ಏರ್ ತೆಗೆಯಲು ಗಾಲಿಯ ಹತ್ತಿರ ಇರುವ ಸಣ್ಣ ಸ್ಕ್ರೂ, ಅಂದರೆ ನಿಪ್ಪಲ್ ಸಡಿಲ ಮಾಡಿ ತಳ್ಳಿದೆ, ಸಲೀಸಾಗಿ ಹೋಯಿತು. ಅಲ್ಲಿ ನಿಂತು ಒಂದು ಕ್ಷಣ ಯೋಚಿಸಿದ್ದರೆ ಇಡೀ ಕಥೆ ಅಲ್ಲೇ ಮುಗಿಯುತ್ತಿತ್ತು. ಟ್ಯಾಂಕಿಗೆ ವಾಪಸ್ ಹೋಗಬೇಕಾದ ಆಯಿಲ್‌ಗೆ ದಾರಿ ಇರಲಿಲ್ಲ, ನಿಪ್ಪಲ್ ಬಿಟ್ಟ ಮೇಲೆ ಸಿಕ್ಕಿತು. ಆದರೆ ಹೊರಗೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. ಲೇಬರ್ ಹಣ ಇಸಿದುಕೊಂಡು ಕಳಿಸಿದೆ.

ಎರಡು ದಿನಕ್ಕೆ ಭರಮಸಾಗರದ ಹತ್ತಿರ ಮತ್ತೆ ಜಾಮ್. ಈ ಸಲ ಮುಂದಿನ ಎರಡೂ ಹೋಸ್ ಬದಲಾಯಿಸಿದೆ. ಹಳೆ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ರಬ್ಬರ್ ಊದಿ ಮುಚ್ಚಿಕೊಂಡಿರುತ್ತದೆ. ಕಾಲಿನ ಬಲಕ್ಕೆ ಆಯಿಲ್ ಗಾಲಿಗೆ ಹೋಗುತ್ತದೆ, ಕಾಲು ತೆಗೆದರೆ ಬರಲು ಒದ್ದಾಡುತ್ತದೆ. ಹಾಗಾಗುವುದು ನಿಜ, ಬ್ಲೇಡಿನಲ್ಲಿ ಸೀಳಿ ನೋಡಿದ್ದೇನೆ. ಆದರೆ ಎರಡು ಕಡೆಯ ಎರಡು ಹೋಸ್ ಒಂದೇ ದಿನ ಕೆಡುತ್ತವಾ? ಆ ಪ್ರಶ್ನೆ ನಾನು ಕೇಳಿಕೊಳ್ಳಲೇ ಇಲ್ಲ. ಕೈಗೆ ಕೆಲಸ ಬೇಕಿತ್ತು, ಕೊಟ್ಟೆ.

ಮೂರನೇ ಸಲ ಜಾಮ್ ಆದಾಗ ಡ್ರೈವರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಣ್ಣ, ಬೇರೆ ಕಡೆ ತೋರಿಸ್ಲಾ?" ಅಂತ ಮೆತ್ತಗೆ ಕೇಳಿದ. ರಾತ್ರಿ ನನಗೆ ಕೆಲಸ ಕಲಿಸಿದ ಉಸ್ತಾದ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ: "ಜಾಮ್ ಆಗಿದ್ದಾಗ ನೀನು ನೋಡಿದ್ಯಾ?"

ಇಲ್ಲ. ಮೂರು ಸಲವೂ ನಾನು ನೋಡಿದ್ದು ಆರಿದ ಗಾಡಿಯನ್ನ.

"ನಾಳೆ ಗಾಡಿಯಲ್ಲಿ ಕೂತು ಹೋಗು. ಹಿಡಿದಾಗ ಮೊದಲು ನಿಪ್ಪಲ್ ಮುಟ್ಟಬೇಡ. ನಿಪ್ಪಲ್ ಬಿಟ್ಟರೆ ಪ್ರೆಷರ್ ಹೋಯ್ತು, ಸಾಕ್ಷಿನೂ ಹೋಯ್ತು. ಮೇಲಿಂದ ಶುರು ಮಾಡು."

ಬೆಳಿಗ್ಗೆ ಮಂಡಕ್ಕಿ ಲೋಡಿನ ಜೊತೆ ನಾನೂ ಹೊರಟೆ. ಆನಗೋಡು ದಾಟುವಾಗಲೇ ಗಾಡಿ ಭಾರ ಆಗುತ್ತಾ ಬಂತು. ಪೆಡಲ್ ಮುಟ್ಟಿ ನೋಡಿದರೆ ಕಲ್ಲು. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಯಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಎತ್ತಿದೆವು. ಗಾಲಿ ಎರಡು ಕೈಯಲ್ಲೂ ಅಲುಗಲಿಲ್ಲ. ಬಾನೆಟ್ ತೆಗೆದು, ವ್ಯಾಕ್ಯೂಮ್ ಎಳೆತದಿಂದ ಕಾಲಿನ ಬಲ ಹೆಚ್ಚಿಸುವ ಬೂಸ್ಟರಿಗೆ ಮಾಸ್ಟರನ್ನು ಹಿಡಿದಿರುವ ಎರಡು ನಟ್ ಮೂರು ಮೂರು ಸುತ್ತು ಸಡಿಲ ಮಾಡಿ ಮಾಸ್ಟರನ್ನು ಮುಂದಕ್ಕೆ ಎಳೆದೆ. ಅಬ್ಬಬ್ಬಾ ಅಂದರೆ 3 ಮಿಲಿಮೀಟರ್ ಬಂದಿರಬಹುದು. ಕೆಳಗಿಂದ ಡ್ರೈವರ್ ಕೂಗಿದ, "ಅಣ್ಣ, ತಿರುಗ್ತೈತಿ!"

ಗಾಲಿಯಲ್ಲಿ ತಪ್ಪೇ ಇರಲಿಲ್ಲ. ತಪ್ಪು ನನ್ನ ಕೈಯದ್ದು.

ಮಾಸ್ಟರ್ ಸಿಲಿಂಡರ್ ಒಳಗೆ ಟ್ಯಾಂಕಿನಿಂದ ಬರುವ ಒಂದು ಸಣ್ಣ ತೂತು ಇರುತ್ತದೆ, ಸೂಜಿ ಮೊನೆಯಷ್ಟು. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಆ ತೂತನ್ನು ಬಿಟ್ಟುಕೊಡಬೇಕು. ಆಗ ಪೈಪಿನಲ್ಲಿ ಬಿಸಿಯಾಗಿ ಹಿಗ್ಗಿದ ಆಯಿಲ್ ಟ್ಯಾಂಕಿಗೆ ಏರುತ್ತದೆ. ಬೂಸ್ಟರಿನ ರಾಡ್ ತುದಿ ಈ ಪಿಸ್ಟನ್ನಿನ ಹಿಂದಿರುವ ಗುಂಡಿಯಲ್ಲಿ ಕೂತು ಅದನ್ನು ತಳ್ಳುತ್ತದೆ. ನಾನು ಹಾಕಿದ ಹೊಸ ಮಾಸ್ಟರಿನಲ್ಲಿ ಆ ಗುಂಡಿಯ ಆಳ ಹಳೆಯದಕ್ಕಿಂತ ಚೂರು ಕಡಿಮೆ. ಬೂಸ್ಟರಿನ ರಾಡ್ ಹಳೆಯ ಅಳತೆಯಲ್ಲೇ ಇತ್ತು. ಹಾಗಾಗಿ ರಾಡ್ ಪಿಸ್ಟನ್ನನ್ನು ಸದಾ ಒಂದು ಕೂದಲೆಳೆ ಮುಂದೆ ತಳ್ಳಿ ನಿಂತಿತ್ತು, ತೂತು ಮುಚ್ಚಿತ್ತು. ನಾಲ್ಕು ಸಲ ಬ್ರೇಕ್ ಹಿಡಿದರೆ ಬಿಸಿ. ಬಿಸಿಗೆ ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಪ್ಯಾಡನ್ನೇ ಒತ್ತುತ್ತದೆ. ಪ್ಯಾಡ್ ಉಜ್ಜಿ ಮತ್ತಷ್ಟು ಬಿಸಿ. ಅರ್ಧ ಗಂಟೆ ನಿಂತರೆ ಆರಿ ತಾನೇ ಬಿಡುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಅದನ್ನು ಒಳಗಿಂದ ಒತ್ತುವ ಶೂಗಳನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇದೆ, ಅದಕ್ಕೇ ಮುಂದಿನ ಡಿಸ್ಕಿನಲ್ಲಿ ಮೊದಲು ಕಾಣಿಸಿತು. ಪೆಡಲ್ "ಬೆರಳಷ್ಟೂ ಆಡಂಗಿಲ್ಲ" ಅಂತ ಡ್ರೈವರ್ ಮೊದಲ ದಿನವೇ ಹೇಳಿದ್ದು ಇದನ್ನೇ ಅಲ್ವಾ?

ಅಲ್ಲೇ ರಾಡ್ ತುದಿಯ ಸ್ಕ್ರೂ ಒಳಕ್ಕೆ ತಿರುಗಿಸಿ ಕೂರಿಸಿದೆ. ಚಿತ್ರದುರ್ಗ ಮುಟ್ಟಿ ವಾಪಸ್ ಬಂದೆವು, ಗಾಲಿ ಮೇಲೆ ಕೈ ಇಡುವಷ್ಟೇ ಬೆಚ್ಚಗಿತ್ತು. ಮೊದಲು ಇಸಿದುಕೊಂಡ ಲೇಬರ್ ವಾಪಸ್ ಕೊಟ್ಟೆ. ಬೇಡ ಅಂದ, ಜೇಬಿಗೆ ತುರುಕಿದೆ.

ಉಸ್ತಾದ್ ಹೇಳಿದ "ಮೇಲಿಂದ" ಅನ್ನೋದನ್ನು ಬಿಡಿಸಿ ಹೇಳುತ್ತೇನೆ. ಬ್ರೇಕ್ ಹಿಡಿದುಕೊಂಡಿರುವಾಗ ಮೊದಲು ಮಾಸ್ಟರಿನ ನಟ್ ಸಡಿಲಿಸಿ. ಗಾಲಿ ಬಿಟ್ಟರೆ ರಾಡ್ ಉದ್ದ, ಇಲ್ಲವೇ ಪೆಡಲ್ ಪೂರ್ತಿ ವಾಪಸ್ ಬರುತ್ತಿಲ್ಲ. ಬಿಡದಿದ್ದರೆ ಮಾಸ್ಟರಿನಿಂದ ಹೊರಡುವ ಪೈಪಿನ ನಟ್ ಸಡಿಲಿಸಿ. ಅಲ್ಲಿ ಬಿಟ್ಟರೆ ಮಾಸ್ಟರ್ ಒಳಗೇ ತೊಂದರೆ, ಆ ಸಣ್ಣ ತೂತಿಗೆ ಕಸ ಕೂತಿರಬಹುದು ಅಥವಾ ಕಪ್ ಊದಿರಬಹುದು. ಅಲ್ಲೂ ಬಿಡದೆ ಗಾಲಿಯ ನಿಪ್ಪಲ್ ತೆಗೆದಾಗ ಬಿಟ್ಟರೆ ನಡುವಿನ ಹೋಸ್ ನೋಡಿ. ನಿಪ್ಪಲ್ ತೆಗೆದರೂ ಹಿಡಿದೇ ಇದ್ದರೆ ಆಯಿಲ್ ಸಂಬಂಧ ಇಲ್ಲ. ಪಿಸ್ಟನ್ ತುಕ್ಕು, ಒಣಗಿದ ಪಿನ್, ಹಿಂದಿನ ಗಾಲಿಯಾದರೆ ಹ್ಯಾಂಡ್ ಬ್ರೇಕ್ ಕೇಬಲ್. ಇಷ್ಟಕ್ಕೆ ಹತ್ತು ನಿಮಿಷ ಸಾಕು. ನಾನು ಒಂದು ವಾರ ತಗೊಂಡೆ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಹಾಗಾಗಿ ನಟ್ ಸಡಿಲಿಸುವ ಜಾಗಕ್ಕೆ ಬಟ್ಟೆ ಸುತ್ತಿಕೊಳ್ಳಿ. ಆಮೇಲೆ ಏರ್ ತೆಗೆಯದೆ ಗಾಡಿ ಬಿಡಬೇಡಿ.

ಬಿಸಿಯಲ್ಲಿ ಮಾತ್ರ ಬರುವ ಇನ್ನೊಂದು ಕಾಯಿಲೆ ಇದರ ಉಲ್ಟಾ. ನಮ್ಮ ಕಡೆಯವರು ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳಿಯುತ್ತಾರೆ. ಒಬ್ಬ ಮೇಷ್ಟ್ರು ಅರ್ಧ ಘಾಟಿಯಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೇ ಹೋಯಿತಂತೆ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಹೇಗೋ ಪಕ್ಕಕ್ಕೆ ನಿಲ್ಲಿಸಿದ್ದಾರೆ. ಕಾಲು ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿ. ಊರಿಗೆ ಬಂದು ತೋರಿಸಿದಾಗಲೂ ಸರಿ. ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿದೆ. "ಕಡಿಮೆ ಆದಾಗ ಹಾಕಿಸ್ತೀನಲ್ಲ" ಅಂದರು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3, ಡಾಟ್ 4 ಅಂತ ಡಬ್ಬಿ ಮೇಲೆ ಬರೆದಿರುವುದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ ಅದರ ಮಟ್ಟ 140. ಡಾಟ್ 4 ಆದರೆ 230, ತೇವ ಸೇರಿದರೆ 155. ಘಾಟಿಯಲ್ಲಿ ಸತತ ಬ್ರೇಕ್ ಹಿಡಿದು ಇಳಿದರೆ ಕ್ಯಾಲಿಪರಿನಲ್ಲಿ ಆಯಿಲ್ ಕುದ್ದು ಆವಿ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲ ಎಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚು. ಮೇಷ್ಟ್ರ ಗಾಡಿಯ ಆಯಿಲ್ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಘಾಟಿಯಲ್ಲಿ ಗೇರಿನ ಮೇಲೆ ಇಳೀರಿ ಅಂತ ಹೇಳಿ ಕಳಿಸಿದೆ.

ಪೆಡಲ್ ಸ್ಪಂಜಿನ ಹಾಗಿದ್ದು, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದರೆ ಲೈನಿನಲ್ಲಿ ಏರ್ ಇದೆ. ಸ್ಪಂಜ್ ಇಲ್ಲದೆ ಬರೀ ಕೆಳಗೆ ಸಿಕ್ಕಿ, ಪಂಪ್ ಮಾಡಿದರೆ ಗಟ್ಟಿಯಾದರೆ ಹಿಂದಿನ ಶೂ ಡ್ರಮ್ಮಿನಿಂದ ದೂರ ಇದೆ, ಅಡ್ಜಸ್ಟ್ ಮಾಡಬೇಕು. ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಬೂಸ್ಟರ್ ಕಡೆ ನೋಡಿ. ಇಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಚೂರು ಕೆಳಗೆ ಜಾರಬೇಕು. ಜಾರದಿದ್ದರೆ ವ್ಯಾಕ್ಯೂಮ್ ಬರುತ್ತಿಲ್ಲ ಅಥವಾ ಬೂಸ್ಟರ್ ಹೋಗಿದೆ.

ಗಾಡಿ ಒಂದು ಕಡೆ ಎಳೆದರೆ ಎಲ್ಲರೂ ಎಳೆದ ಕಡೆಯ ಗಾಲಿ ಬಿಚ್ಚುತ್ತಾರೆ. ಬಲಕ್ಕೆ ಎಳೆಯುತ್ತದೆ ಅಂದರೆ ಬಲಗಾಲಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಳ್ಳ ಹೆಚ್ಚಾಗಿ ಎಡಗಾಲಿ.

ಆಯಿಲ್ ಕಡಿಮೆ ಆಗ್ತಾನೇ ಇದೆ, ಎಲ್ಲೂ ಸೋರುತ್ತಿಲ್ಲ ಅಂತ ಒಂದು ಕಾರು ಮೂರು ಗ್ಯಾರೇಜ್ ಸುತ್ತಿ ನನ್ನ ಹತ್ತಿರ ಬಂದಿತ್ತು. ಪ್ಯಾಡ್ ಸವೆದರೂ ಮಟ್ಟ ಚೂರು ಇಳಿಯುತ್ತದೆ, ಆದರೆ ವಾರಕ್ಕೆ ಅಷ್ಟೆಲ್ಲ ಇಳಿಯಲ್ಲ. ಮಂಡಕ್ಕಿ ಗಾಡಿ ಕಲಿಸಿದ್ದು ನೆನಪಾಗಿ ಮೊದಲು ಮಾಸ್ಟರನ್ನೇ ಬೂಸ್ಟರಿನಿಂದ ಬಿಡಿಸಿದೆ. ಹಿಂದಿನ ಸೀಲ್ ಹೋಗಿ ಬೂಸ್ಟರ್ ಹೊಟ್ಟೆಯೊಳಗೆ ಆಯಿಲ್ ನಿಂತಿತ್ತು.

ಏರ್ ತೆಗೆಯುವಾಗ ನಮ್ಮ ಹುಡುಗರು ಹಳೆ ಮಾಸ್ಟರ್ ಇದ್ದರೂ ಪೆಡಲನ್ನು ನೆಲಕ್ಕೆ ಬಡಿಯುತ್ತಾರೆ. ದಿನಾ ಓಡಿಸುವಾಗ ಪಿಸ್ಟನ್ ಅಷ್ಟು ದೂರ ಹೋಗಿರುವುದಿಲ್ಲ. ಆ ಕೊನೆಯ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ, ಕಪ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಚೆನ್ನಾಗಿದ್ದ ಮಾಸ್ಟರ್ ನಾವು ಮುಟ್ಟಿದ ಮೇಲೆ ಹೋಯಿತು ಅನ್ನೋ ಜಗಳ ಅರ್ಧ ಇಲ್ಲಿಂದಲೇ. ಈಗ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿಸುತ್ತೇನೆ.

ರಾಡ್ ಅಳೆಯಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಮಕ್ಕಳು ಆಡುವ ಕ್ಲೇ ಒಂದು ಕಡಲೆಕಾಳಿನಷ್ಟು ರಾಡ್ ತುದಿಗೆ ಅಂಟಿಸಿ, ಮಾಸ್ಟರ್ ಕೂರಿಸಿ, ನಟ್ ಬಿಗಿದು, ಮತ್ತೆ ಬಿಚ್ಚುತ್ತೇನೆ. ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದು ಇದೆ ಅಂತ. ಪೂರ್ತಿ ಅಪ್ಪಚ್ಚಿ ಆಗಿದ್ದರೆ ರಾಡ್ ಉದ್ದ. ಎಷ್ಟು ಸಂದು ಬಿಡಬೇಕು ಅನ್ನೋದು ಆಯಾ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಹುಡುಗನಿಗೆ ಪೆಡಲ್ ಮೆತ್ತಗೆ ಒತ್ತಲು ಹೇಳುತ್ತೇನೆ. ಒತ್ತಿದ ಶುರುವಿನಲ್ಲಿ ಆಯಿಲ್ ಮೇಲೆ ಪುಟ್ಟ ಅಲೆ ಎದ್ದರೆ ಆ ಸೂಜಿ ತೂತು ತೆರೆದಿದೆ. ಟ್ಯಾಂಕ್ ದೂರ ಇರುವ ಗಾಡಿಯಲ್ಲಿ ಇದು ಕಾಣಿಸುವುದಿಲ್ಲ, ಅಲ್ಲಿ ಕ್ಲೇ ಒಂದೇ ಗತಿ.

ಕ್ಲೇ ಮಗಳ ಸ್ಕೂಲ್ ಬ್ಯಾಗಿನದ್ದು, ಹಸಿರು ಬಣ್ಣ. ಎರಡು ಸಲ ಕೇಳಿದ್ದಾಳೆ. ಗ್ರೀಸ್ ಹತ್ತಿ ಅರ್ಧ ಕಪ್ಪಾಗಿದೆ, ಈಗ ಕೊಟ್ಟರೂ ಮುಟ್ಟಲ್ಲ.